ಬಾಡಿಗೆಯ ಮನೆಯಲ್ಲಿ ಅಕ್ಷರಗಳು



ನಮ್ಮ ಹಿರಿಯರು ಮನೆಯಲ್ಲಿ ನವಗ್ರಹಶಾಂತಿಯನ್ನು ಮಾಡಿಸುತ್ತಿದ್ದರು. ಇಂದು ಒಂದು ಸಾಧಾರಣ ಮನೆಯಲ್ಲಿ ಶಾಂತಿಗೊಳಿಸಬೇಕಾದ ಯಂತ್ರಗಳ ಸಂಖ್ಯೆಯೇ ಒಂಬತ್ತನ್ನು ಮೀರಿದೆ. ದೂರದರ್ಶನಕ್ಕೆ ಎರಡು ರಿಮೋಟುಗಳು. ಒಂದು ಪೆಟ್ಟಿಗೆಯನ್ನು ಎಬ್ಬಿಸುತ್ತದೆ, ಇನ್ನೊಂದು ಚಿತ್ರವನ್ನು ಕರೆತರುತ್ತದೆ. ಯಾವುದನ್ನು ಮೊದಲು ಒತ್ತಬೇಕೆಂಬ ಶಾಸ್ತ್ರ ಮೊಮ್ಮಗನಿಗೆ ಮಾತ್ರ ಗೊತ್ತು. ಮೇಜಿನ ಖಾನೆಯನ್ನೆಳೆದರೆ ಚಾರ್ಜರುಗಳ ತಂತಿಗಳು ಹಾವಿನ ಮರಿಗಳಂತೆ ಹೆಣೆದುಕೊಂಡು ಬಿದ್ದಿರುತ್ತವೆ; ಬೇಕಾದದ್ದೊಂದು ಮಾತ್ರ ಅವುಗಳ ನಡುವೆ ಇರುವುದಿಲ್ಲ. ಅವಸರದ ಕಾಗದವೊಂದನ್ನು ಬರೆಯಲು ಕುಳಿತ ದಿನವೇ ಗಣಕಯಂತ್ರವು ‘ನವೀಕರಣ ನಡೆಯುತ್ತಿದೆ, ಆರಿಸಬೇಡಿ’ ಎಂದು ಹೇಳಿ ಮೌನವ್ರತವನ್ನು ಹಿಡಿಯುತ್ತದೆ.

ಈ ಸಂಕಟಗಳು ಲೋಕಸಾಮಾನ್ಯವಾದವು. ಇವುಗಳಿಗೆ ಪರಿಹಾರವೂ ನಿಧಾನವಾಗಿ ಬರುತ್ತಿದೆ. ಐರೋಪ್ಯ ಒಕ್ಕೂಟವು ತನ್ನ ನೆಲದಲ್ಲಿ ಮಾರಾಟವಾಗುವ ಹೊಸ ಫೋನುಗಳಿಗೆಲ್ಲ ಒಂದೇ ಬಗೆಯ ಚಾರ್ಜರು ಹೊಂದಬೇಕೆಂದು ಕಾನೂನು ಮಾಡಿ, 2024ರ ಡಿಸೆಂಬರ್ 28ರಿಂದ ಅದನ್ನು ಜಾರಿಗೆ ತಂದಿತು. ಒಂದು ತೂತಿನ ಅಳತೆಯನ್ನು ಗೊತ್ತುಪಡಿಸುವುದಕ್ಕೆ ಇಷ್ಟು ರಾಷ್ಟ್ರಗಳು ಕೂಡಬೇಕಾಯಿತೆ ಎಂದು ನಗಬಹುದು. ಆದರೆ ಕನ್ನಡದಲ್ಲಿ ಬರೆಯುವವರು ಈ ನಗೆಯಲ್ಲಿ ಬಹಳ ಹೊತ್ತು ಪಾಲ್ಗೊಳ್ಳಲಾರರು. ತೂತಿನ ವಿಷಯದಲ್ಲಿ ಆದದ್ದೇ ನಮ್ಮ ಅಕ್ಷರದ ವಿಷಯದಲ್ಲೂ ಆಗಿದೆ. ಅಲ್ಲಿ ಕಳೆದುಹೋದದ್ದು ಚಾರ್ಜರಿಗಿಂತ ಬೆಲೆಯುಳ್ಳದ್ದು. ಈ ಹೊತ್ತು ನಾನು ಹೇಳಬೇಕೆಂದಿರುವುದು ಆ ಸಂಗತಿಯನ್ನೇ.

ಗಣಕಯಂತ್ರಕ್ಕೆ ಅಕ್ಷರವೆಂಬುದು ತಿಳಿಯದು. ಅದು ಅರಿತಿರುವುದು ಸಂಖ್ಯೆಯನ್ನು ಮಾತ್ರ. ಇಂಗ್ಲಿಷಿನ ದೊಡ್ಡ ‘ಎ’ಗೆ 65, ದೊಡ್ಡ ‘ಪಿ’ಗೆ 80, ಹೀಗೆ ಒಂದೊಂದಕ್ಕೆ ಒಂದೊಂದು ಸಂಖ್ಯೆ ಎಂದು ಅಮೆರಿಕದವರು 1963ರಲ್ಲಿ ಒಂದು ಒಪ್ಪಂದಕ್ಕೆ ಬಂದರು. ‘ಆಸ್ಕಿ’ ಎಂದು ಹೆಸರಾದ ಈ ಪಟ್ಟಿಯಲ್ಲಿ ಇದ್ದ ಮನೆಗಳು 128. ಮುಂದೆ ಅದನ್ನು 256ಕ್ಕೆ ಬೆಳೆಸಿ, ಹೆಚ್ಚಿನ ಮನೆಗಳಲ್ಲಿ ಫ್ರೆಂಚ್, ಜರ್ಮನ್ ಮೊದಲಾದ ಯುರೋಪಿನ ಭಾಷೆಗಳ ವಿಶೇಷಾಕ್ಷರಗಳನ್ನು ಕೂರಿಸಿದರು. ಅಲ್ಲಿ ಕನ್ನಡಕ್ಕೆ ಒಂದು ಮನೆಯೂ ಇರಲಿಲ್ಲ. ನಮ್ಮದಾದರೋ ದೊಡ್ಡ ಸಂಸಾರ. ಮೂವತ್ತನಾಲ್ಕು ವ್ಯಂಜನಗಳ ಕಾಗುಣಿತವನ್ನು ಬರೆದರೇ ಐನೂರಕ್ಕೆ ಮೀರುತ್ತದೆ. ಒತ್ತಕ್ಷರಗಳ ಲೆಕ್ಕ ಬೇರೆ.

ಕನ್ನಡದ ಬೆರಳಚ್ಚು ಯಂತ್ರವೂ ಇದೇ ಇಕ್ಕಟ್ಟನ್ನು ಎದುರಿಸಿತ್ತು. ಕೆಲವೇ ಕೀಲಿಗಳಲ್ಲಿ ಇಷ್ಟು ದೊಡ್ಡ ವರ್ಣಮಾಲೆಯನ್ನು ಹಿಡಿಸುವುದಕ್ಕಾಗಿ ಅದು ಅಕ್ಷರದ ಒಡಲನ್ನು ಬೇರೆ, ತಲೆಕಟ್ಟನ್ನು ಬೇರೆ, ಗುಡಿಸನ್ನು ಬೇರೆ ಮಾಡಿ, ಹೊಡೆಯುವವರ ಬೆರಳಿನಿಂದ ಅವನ್ನು ಕೂಡಿಸುತ್ತಿತ್ತು. ಗಣಕಕ್ಕೆ ಕನ್ನಡವನ್ನು ತಂದವರು ಹಿಡಿದದ್ದೂ ಹೆಚ್ಚುಕಡಮೆ ಈ ದಾರಿಯನ್ನೇ. ಇಂಗ್ಲಿಷಿನ ಹಾಗೂ ಯುರೋಪಿನ ಅಕ್ಷರಗಳ ಮನೆಗಳಲ್ಲಿ ಕನ್ನಡದ ಅಂಗಾಂಗಗಳನ್ನು ಬಾಡಿಗೆಗೆ ಇರಿಸಿದರು. ಕರ್ನಾಟಕ ಸರ್ಕಾರಕ್ಕಾಗಿ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ಯ ಹಳೆಯ ಅಕ್ಷರಗಳಲ್ಲಿ ‘ಕ’ ಎಂಬುದು ಒಂದು ಅಕ್ಷರವಲ್ಲ, ಎರಡು. ಅದರ ಒಡಲು 80ನೆಯ ಮನೆಯಲ್ಲಿ, ಅಂದರೆ ‘ಪಿ’ಯ ಮನೆಯಲ್ಲಿ, ತಲೆಕಟ್ಟು 192ನೆಯ ಮನೆಯಲ್ಲಿ, ಅಂದರೆ ತಲೆಯ ಮೇಲೆ ಓರೆಗೀಟುಳ್ಳ ಫ್ರೆಂಚರ ‘ಎ’ ಇರುವಲ್ಲಿ. ‘ನ’ಕಾರದ ಒಡಲು ಪೌಂಡ್ ನಾಣ್ಯದ ಚಿಹ್ನೆಯ ಮನೆಯಲ್ಲಿ. ಅರ್ಕಾವೊತ್ತಿಗೆ ದೊರೆತದ್ದು 240ನೆಯ ಮನೆ. ಅದರ ಒಡೆಯ ಹಳೆಯ ಇಂಗ್ಲಿಷಿನಲ್ಲಿ ಬಳಕೆಯಲ್ಲಿದ್ದು ಇಂದಿಗೂ ಐಸ್‌ಲೆಂಡಿನ ಭಾಷೆಯಲ್ಲಿ ಉಳಿದಿರುವ ‘ಎದ್’ ಎಂಬ ಅಕ್ಷರ. ಹೀಗಾಗಿ, ಆ ಅಕ್ಷರಸಮೂಹವಿಲ್ಲದ ಯಂತ್ರದಲ್ಲಿ ಹಳೆಯ ಕಡತವನ್ನು ತೆರೆದರೆ ‘ಕರ್ನಾಟಕ’ ಎಂಬ ನಮ್ಮ ನಾಡಿನ ಹೆಸರಿನ ನಡುವೆ ಇಂಗ್ಲೆಂಡಿನ ನಾಣ್ಯವೂ ಐಸ್‌ಲೆಂಡಿನ ಅಕ್ಷರವೂ ಕುಳಿತಿರುವುದು ಕಾಣುತ್ತದೆ. ಬಾಡಿಗೆದಾರ ಊರಿಗೆ ಹೋದೊಡನೆ ಮನೆಯೊಡೆಯನೇ ಬಾಗಿಲಿಗೆ ಬಂದು ನಿಂತಂತೆ!

ಇದನ್ನು ನಿಂದೆಯ ಮಾತಾಗಿ ಎಣಿಸಬಾರದು. ಆ ಕಾಲದಲ್ಲಿ ಬೇರೆ ದಾರಿಯಿರಲಿಲ್ಲ. ಆ ದಾರಿಯನ್ನು ಕಡಿದವರಿಗೆ ನಾವು ಋಣಿಗಳು. ಕಿನ್ನಿಕಂಬಳ ಪದ್ಮನಾಭರಾಯರು, ಎಂದರೆ ಎಲ್ಲರೂ ಬಲ್ಲ ಕೆ. ಪಿ. ರಾವ್ ಅವರು, ಉಚ್ಚಾರಣೆಯನ್ನು ಅನುಸರಿಸಿ ಕೀಲಿಗಳನ್ನು ಜೋಡಿಸಿದರು. ತಮ್ಮ ತಂತ್ರಾಂಶಕ್ಕೆ ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನು ಇಟ್ಟರು. ಅವರ ವಿನ್ಯಾಸದಲ್ಲಿ ಒಂದು ವ್ಯಂಜನವನ್ನು ಒತ್ತಿ, ‘ಎಫ್’ ಕೀಲಿಯಿಂದ ಅದರ ಸ್ವರವನ್ನು ಕಳೆದು, ಮುಂದಿನ ವ್ಯಂಜನವನ್ನು ಒತ್ತಿದರೆ ಒತ್ತಕ್ಷರ ತಾನಾಗಿ ಕೆಳಗಿಳಿಯುತ್ತದೆ. ವ್ಯಾಕರಣವನ್ನು ಓದಿದವನಿಗೆ ಇದಕ್ಕಿಂತ ಸಹಜವಾದ ಕ್ರಮ ಬೇರೊಂದಿಲ್ಲ. ಸರ್ಕಾರ ಒಪ್ಪಿಕೊಂಡದ್ದೂ ಇದನ್ನೇ. 1998ರಲ್ಲಿ ಶೇಷಾದ್ರಿ ವಾಸು ಅವರ ‘ಬರಹ’ ಬಂದ ಮೇಲೆ ಹೊರನಾಡಿನ, ಹೊರದೇಶದ ಕನ್ನಡಿಗರು ಸಹ ತಾಯಿಗೆ ಕನ್ನಡದಲ್ಲಿ ಕಾಗದ ಬರೆಯುವಂತಾಯಿತು. ಪೂರ್ಣಚಂದ್ರ ತೇಜಸ್ವಿಯವರು ತಮ್ಮ ಕೊನೆಯ ವರ್ಷಗಳಲ್ಲಿ ಕನ್ನಡದ ತಂತ್ರಾಂಶಕ್ಕಾಗಿ ಎಷ್ಟು ತಳಮಳಪಟ್ಟರೆಂಬುದನ್ನು ಅವರನ್ನು ಓದಿದವರು ಬಲ್ಲರು. ಕಾದಂಬರಿಕಾರನಿಗೆ ಈ ಉಸಾಬರಿ ಏಕೆ ಎಂದು ಆಗ ಗೊಣಗಿದವರಿದ್ದರು. ಅವರ ತಳಮಳದ ಅರ್ಥ ನಮ್ಮಲ್ಲಿ ಅನೇಕರಿಗೆ ತಿಳಿದದ್ದು ಇತ್ತೀಚೆಗೆ.

ಸ್ವಂತ ಮನೆ ದೊರೆತದ್ದು ಯೂನಿಕೋಡಿನಲ್ಲಿ. ಲೋಕದ ಲಿಪಿಗಳೆಲ್ಲವಕ್ಕೂ ಒಂದೇ ಬಡಾವಣೆ ಎಂಬ ಈ ಏರ್ಪಾಡು 1991ರಲ್ಲಿ ಮೊದಲು ಪ್ರಕಟವಾದಾಗಲೇ ಅದರಲ್ಲಿ ಕನ್ನಡಕ್ಕೆ 3200ರಿಂದ 3327ರ ವರೆಗೆ 128 ನಿವೇಶನಗಳನ್ನು ಮಂಜೂರು ಮಾಡಿದ್ದರು. ‘ಕ’ಕಾರದ ಸಂಖ್ಯೆ 3221; ಜಗತ್ತಿನ ಯಾವ ಮೂಲೆಯಲ್ಲಿ, ಯಾವ ಯಂತ್ರದಲ್ಲಿ ತೆರೆದರೂ ಅದು ‘ಕ’ವೇ ಹೊರತು ‘ಪಿ’ ಆಗಲಾರದು. ಆದರೆ ನಿವೇಶನ ದೊರೆತ ಮಾತ್ರಕ್ಕೆ ಮನೆಯೆದ್ದೀತೆ? ವಿಂಡೋಸ್ ಯಂತ್ರಗಳಲ್ಲಿ ‘ತುಂಗಾ’ ಎಂಬ ಅಕ್ಷರರೂಪದೊಡನೆ ಇದು ಬಳಕೆಗೆ ಬಂದದ್ದು 2001ರಲ್ಲಿ. ಆಂಡ್ರಾಯ್ಡ್ ಜಾತಿಯ ಬಹುಪಾಲು ಫೋನುಗಳಲ್ಲಿ 2012ರ ವರೆಗೂ ಕನ್ನಡವೆಂದರೆ ಸಾಲಾಗಿ ನಿಂತ ಬರಿಯ ಚೌಕಗಳು.

ಈ ಬಡಾವಣೆಯ ಕಚೇರಿಯಲ್ಲೂ ತಮಾಷೆಗಳಿಗೆ ಕೊರತೆಯಿಲ್ಲ. ಪಂಪ ರನ್ನರ ಕಾಲದ ‘ೞ’ಕಾರವನ್ನು, ಕೇಶಿರಾಜನು ಅಷ್ಟು ಮುತುವರ್ಜಿಯಿಂದ ‘ಳ’ಕಾರದಿಂದ ಬೇರ್ಪಡಿಸಿದ ಆ ಅಕ್ಷರವನ್ನು, 3294ನೆಯ ನಿವೇಶನದಲ್ಲಿ ಕೂರಿಸಿದರು, ಆದರೆ ದಾಖಲೆಯಲ್ಲಿ ಅದರ ಹೆಸರನ್ನು ‘ಫ’ ಎಂದು ಬರೆದರು. ಒಮ್ಮೆ ಬರೆದ ಹೆಸರನ್ನು ಎಂದೆಂದಿಗೂ ಬದಲಾಯಿಸಬಾರದೆಂಬುದು ಅವರ ನಿಯಮ. ಆದುದರಿಂದ ಅದು ತಪ್ಪೆಂದು ತಾವೇ ಒಪ್ಪಿ, ಸರಿಯಾದ ಹೆಸರನ್ನು ಅಡ್ಡಹೆಸರಾಗಿ ಸೇರಿಸಿದ್ದಾರೆ. ರೇಷನ್ ಕಾರ್ಡಿನಲ್ಲಿ ಹೆಸರು ತಪ್ಪಾದವರಿಗೆ ಇದರಿಂದ ತುಸು ಸಮಾಧಾನವಾಗಬಹುದು. ಇನ್ನೊಂದು ಕಡೆ ಅವರ ಎಚ್ಚರವೂ ಮೆಚ್ಚತಕ್ಕದ್ದೇ. ಹಳೆಯ ಬರವಣಿಗೆಯಲ್ಲಿ ಪದದ ಕೊನೆಗೆ ಬರುತ್ತಿದ್ದ ನಕಾರಪೊಲ್ಲಿಗೆ 2021ರಲ್ಲಿ ಪ್ರತ್ಯೇಕ ನಿವೇಶನವನ್ನು ಕೊಟ್ಟರು. ಎಷ್ಟೋ ಶತಮಾನ ಓಲೆಗರಿಯಲ್ಲಿ ಮಲಗಿದ್ದ ಒಂದು ಕೊಂಡಿ ಹೀಗೆ ಫೋನಿನ ತೆರೆಗೆ ಬರುವ ಅರ್ಹತೆಯನ್ನು ಪಡೆಯಿತು. ಅಕ್ಷರ ಜೋಡಿಸುವ ಕೆಲಸ ಯಂತ್ರಕ್ಕೆ ಎಷ್ಟು ಕಠಿಣವೆಂಬುದಕ್ಕೆ ನಮ್ಮ ಸೋದರಿಯಾದ ತೆಲುಗಿನ ಉದಾಹರಣೆ ಸಾಕು. 2018ರ ಫೆಬ್ರವರಿಯಲ್ಲಿ ತೆಲುಗಿನ ‘ಜ್ಞಾ’ ಎಂಬ ಒಂದು ಸಂಯುಕ್ತಾಕ್ಷರವನ್ನು, ಅದರೊಳಗೆ ಕಣ್ಣಿಗೆ ಕಾಣದ ಒಂದು ಸಂಕೇತವೂ ಸೇರಿದ್ದಾಗ, ಸಂದೇಶವಾಗಿ ಕಳುಹಿಸಿದರೆ ಬಹು ಬೆಲೆಯ ಐಫೋನುಗಳು ತೆರೆಯಲಾರದೆ ಕುಸಿದುಬಿಡುತ್ತಿದ್ದವು. ಅದೇ ತಿಂಗಳು ದುರಸ್ತಿಯೂ ಆಯಿತು. ಆದರೆ ಜ್ಞಾನದ ಮೊದಲ ಅಕ್ಷರವನ್ನೇ ಅವು ತಾಳಲಿಲ್ಲವೆಂಬುದನ್ನು ನಮ್ಮ ಶ್ಲೇಷಪ್ರಿಯ ಕವಿಗಳು ಕಂಡಿದ್ದರೆ ಬಿಡುತ್ತಿದ್ದರೆ?

ಸ್ವಂತ ಮನೆಗೆ ಬಂದ ಮೇಲೆ ಆಗಿರುವ ಸಂತೋಷವನ್ನು ಮುಚ್ಚಿಡಬೇಕಾಗಿಲ್ಲ. ‘ವಚನ ಸಂಚಯ’ವೆಂಬ ತಾಣದಲ್ಲಿ ‘ಬಯಲು’ ಎಂಬ ಒಂದು ಮಾತನ್ನು ಬರೆದು ಕೇಳಿದರೆ, ಅದು ಯಾವ ಯಾವ ಶರಣರ ಬಾಯಲ್ಲಿ ಎಲ್ಲೆಲ್ಲಿ ಬಂದಿದೆಯೆಂಬುದು ಕ್ಷಣದಲ್ಲಿ ಮುಂದೆ ಬಂದು ನಿಲ್ಲುತ್ತದೆ. ಇಂಥ ಒಂದು ಪದಪ್ರಯೋಗಸೂಚಿಗಾಗಿ ನನ್ನ ಗುರುಗಳು ಬೇಸಗೆಯ ರಜೆಗಳನ್ನು ಸವೆಸಿದ್ದನ್ನು ಕಂಡಿದ್ದೇನೆ. ಕಣ್ಣಿನ ಪೊರೆ ತೆಗೆಸಿದ ಮೇಲೆ ಸಣ್ಣಚ್ಚಿನ ಪುಸ್ತಕಗಳು ನನ್ನಿಂದ ದೂರವಾಗಿದ್ದವು. ಈಗ ಎರಡು ಬೆರಳಿನಿಂದ ಅಕ್ಷರವನ್ನು ಹಿಗ್ಗಿಸಿ ಓದುತ್ತೇನೆ. 2017ರಿಂದ ಗೂಗಲ್‌ನವರು ಕನ್ನಡದಲ್ಲಿ ಹೇಳಿ ಬರೆಯಿಸುವ ಅನುಕೂಲವನ್ನೂ ಒದಗಿಸಿದ್ದಾರೆ. ಗದುಗಿನ ನಾರಣಪ್ಪನಿಗೆ ಸ್ವತಃ ವೀರನಾರಾಯಣನೇ ಹೇಳುವವನಾದನೆಂಬ ಐತಿಹ್ಯವುಂಟು. ನನ್ನ ಪಾಲಿಗೆ ಕ್ರಮ ತಿರುಗಿ, ನಾನು ಹೇಳುವವನು, ಫೋನು ಬರೆಯುವುದು. ನಾನು ‘ಹಳಗನ್ನಡ’ ಎಂದರೆ ಅದು ‘ಹಳೆ ಕನ್ನಡ’ ಎಂದು ಬರೆಯುತ್ತದೆ. ಆದೇಶಸಂಧಿಯನ್ನು ಬಿಡಿಸಿ ತೋರಿಸುವ ವಿದ್ಯಾರ್ಥಿಯನ್ನು ಮೇಷ್ಟರಾದವನು ಗದರುವುದಾದರೂ ಹೇಗೆ?

ಆದರೆ ಈ ಭಾಗ್ಯವೆಲ್ಲ ಹೊಸ ಮನೆಗೆ ಬಂದ ಬರವಣಿಗೆಯದು. 1980ರ ದಶಕದ ಕೊನೆಯಿಂದ ಈ ಶತಮಾನದ ಮೊದಲ ಹತ್ತು ಹದಿನೈದು ವರ್ಷಗಳವರೆಗೆ ನಾವು ಗಣಕದಲ್ಲಿ ಬರೆದುದರ ಬಹುಭಾಗ ಇನ್ನೂ ಬಾಡಿಗೆಯ ಮನೆಯಲ್ಲೇ ಇದೆ. ಪಿಎಚ್.ಡಿ. ಪ್ರಬಂಧಗಳು, ಅಭಿನಂದನ ಗ್ರಂಥಗಳು, ಜಾನಪದ ಸಂಗ್ರಹಗಳು, ಗ್ರಾಮ ಪಂಚಾಯತಿಯ ನಡವಳಿಗಳು, ಮದುವೆಯ ಕರೆಯೋಲೆಗಳು ಎಲ್ಲವೂ. ಇದಕ್ಕೆ ಅಚ್ಚಿನ ಮನೆಯವರ ಕಾರಣವೂ ಒಂದಿದೆ. ಪುಟ ಜೋಡಿಸಲು ಅವರು ನೆಚ್ಚಿದ್ದ ಪೇಜ್‌ಮೇಕರ್ ಎಂಬ ತಂತ್ರಾಂಶದ 7.0ನೆಯ ಆವೃತ್ತಿ ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡಿನ ಗಂಧವಿಲ್ಲ. ಪುಟವಿನ್ಯಾಸಕ್ಕೆ ಕೈ ಕುದುರಿದ ಮೇಲೆ ಯಂತ್ರವನ್ನು ಬದಲಾಯಿಸುವುದು ಯಾರಿಗೆ ಬೇಕು? ಸಾಲದುದಕ್ಕೆ, ಬಾಡಿಗೆಯ ಮನೆಯೂ ಒಂದೇ ಆಗಿರಲಿಲ್ಲ. ಹಲವು ಕಂಪನಿಗಳು ಹಲವು ಬಗೆಯಲ್ಲಿ ಅಕ್ಷರಗಳನ್ನು ಹಂಚಿ ಕೂರಿಸಿದ್ದವು. ಒಬ್ಬರ ‘ಕ’ ಇನ್ನೊಬ್ಬರ ‘ಬ’.

ಪರಿವರ್ತಕಗಳಿವೆಯಲ್ಲ ಎಂದು ತಿಳಿದವರು ಕೇಳಬಹುದು. ಇವೆ, ಕನ್ನಡದ ತರುಣರು ಕೆಲವರು ಕಾಸಿಗೆ ಆಸೆಪಡದೆ ಇವನ್ನು ಮಾಡಿ ಹಂಚಿದ್ದಾರೆ. ಆದರೆ ದಾರಿಯಲ್ಲಿ ಅರ್ಕಾವೊತ್ತು ಕಾದು ಕುಳಿತಿರುತ್ತದೆ. ಒಂಬತ್ತರ ಅಂಕಿಯಂತಿರುವ ಆ ಚಿಹ್ನೆಯನ್ನು ನಾವು ಬರೆಯುವುದು ಅಕ್ಷರದ ಬಲಕ್ಕೆ, ಉಚ್ಚರಿಸುವುದು ಅಕ್ಷರಕ್ಕೆ ಮೊದಲು. ಹಳೆಯ ಪದ್ಧತಿಯಲ್ಲಿ ಕಣ್ಣಿಗೆ ಕಂಡಂತೆ ಜೋಡಣೆ. ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮ. ಸಾಗಿಸುವವನು ಎಚ್ಚರ ತಪ್ಪಿದರೆ ರೇಫ ಹಿಂದೆ ಉಳಿದುಬಿಡುತ್ತದೆ. ಆಗ ‘ವರ್ಷ’ವು ‘ವಷರ್’ ಆಗುತ್ತದೆ, ‘ಸೂರ್ಯ’ನು ‘ಸೂಯರ್’ ಆಗುತ್ತಾನೆ, ‘ಧರ್ಮ’ವು ‘ಧಮರ್’ ಆಗುತ್ತದೆ, ‘ಕರ್ನಾಟಕ’ವು ‘ಕನಾರ್ಟಕ’. ಜಾಲತಾಣಗಳಲ್ಲಿ ಈ ಹೊಸ ಅಪಭ್ರಂಶವನ್ನು ನೀವು ಕಂಡೇ ಇರುತ್ತೀರಿ. ನಾಳೆ ಯಾರಾದರೂ ಇದಕ್ಕೊಂದು ವರ್ಣಪಲ್ಲಟದ ಸೂತ್ರವನ್ನು ಬರೆದರೆ ಆಶ್ಚರ್ಯವಿಲ್ಲ.

ನಕ್ಕು ಮುಗಿಸಲಾಗದ ಒಂದು ಸಂಗತಿ ನನ್ನೆದುರಿಗೇ ನಡೆಯಿತು. ನನಗಿಂತ ಹನ್ನೆರಡು ವರ್ಷ ಹಿರಿಯರಾದ ಸಹೋದ್ಯೋಗಿಯೊಬ್ಬರಿದ್ದರು, ಸಾಗರದ ಕಡೆಯವರು. ತಮ್ಮ ಹೆಸರು ಬಾನುಲಿಯಲ್ಲಿ ಬರುವುದು ಅವರಿಗೆ ಹಿಡಿಸುತ್ತಿರಲಿಲ್ಲ; ಈಗಲೂ ಹಿಡಿಸದೆಂದೇ ಇಟ್ಟುಕೊಳ್ಳುತ್ತೇನೆ. ಪಾಠ ಮುಗಿದರೆ ಅವರು ತೋಟಗಳಲ್ಲಿ, ಗದ್ದೆಗಳ ಬದುವಿನಲ್ಲಿ ಇರುತ್ತಿದ್ದರು. ಅಡಕೆಯ ಕೊನೆ ಇಳಿಸುವ ಕೊನೆಗಾರರ ಮಾತು, ಕೊಳೆರೋಗಕ್ಕೆ ಹೆದರಿ ಕೊಟ್ಟೆ ಕಟ್ಟುವವರ ಮಾತು, ಅಡಕೆ ಬೇಯಿಸಿ ಚೊಗರು ತೆಗೆಯುವ ಹೆಂಗಸರ ಮಾತು, ಹಾಳೆ, ಸೋಗೆ, ದೋಟಿ, ಎಲ್ಲವನ್ನೂ ಚೀಟಿಗಳ ಮೇಲೆ ಬರೆದು ಅಕಾರಾದಿಯಾಗಿ ಜೋಡಿಸುತ್ತಿದ್ದರು. ಪ್ರತಿಯೊಂದು ಮಾತಿಗೆ ಕೆಳಗೆ ಹಳಗನ್ನಡದ ರೂಪ, ಸೋದರ ಭಾಷೆಗಳ ರೂಪ. ಮೂವತ್ತು ವರ್ಷಗಳ ಕೆಲಸ. 1996ರಿಂದ 99ರ ವರೆಗೆ ಅದನ್ನೆಲ್ಲ ಒಂದು ಡಿಟಿಪಿ ಕೇಂದ್ರದಲ್ಲಿ ಬೆರಳಚ್ಚು ಮಾಡಿಸಿದರು. ಆಮೇಲೆ ಗೆದ್ದಲು ಹತ್ತಿದ ಚೀಟಿಗಳನ್ನು ಮನೆಯವರು ಹಂಡೆಯ ಒಲೆಗೆ ಹಾಕಿದರು. ಗಣಕದಲ್ಲಿ ಇದೆಯಲ್ಲ ಎಂಬ ಧೈರ್ಯ. ಅಚ್ಚಿಗೆ ಪ್ರಕಾಶಕರು ದೊರೆಯಲಿಲ್ಲ. 2012ರಲ್ಲಿ ಅವರು ತೀರಿಕೊಂಡರು.

ಮೂರು ವರ್ಷಗಳ ಕೆಳಗೆ ಅವರ ಮಗಳು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಒಂಬತ್ತು ಫ್ಲಾಪಿಗಳನ್ನು ತಂದು ನನ್ನ ಮುಂದಿಟ್ಟಳು. “ಅಂಕಲ್, ಅಪ್ಪನ ನಿಘಂಟು ಇದರಲ್ಲಿದೆಯಂತೆ. ನೋಡುತ್ತೀರಾ?” ಎಂದಳು. ಮೂರೂವರೆ ಅಂಗುಲದ ಆ ಬಿಲ್ಲೆಗಳನ್ನು ನೆನಪಿದ್ದವರು ಬಲ್ಲರು. ಒಂದೊಂದರ ಹೊಟ್ಟೆಯಲ್ಲಿ ಹಿಡಿಸುತ್ತಿದ್ದುದು ಒಂದೂವರೆ ಮೆಗಾಬೈಟಿಗೂ ಕಡಮೆ. ಅವನ್ನು ಓದುವ ಯಂತ್ರವನ್ನು ಹುಡುಕುವುದಕ್ಕೇ ಒಂದು ತಿಂಗಳು ಹಿಡಿಯಿತು. ಮಲೆನಾಡಿನ ಮಳೆಗಾಲ ತಿಂದ ಎರಡು ಬಿಲ್ಲೆಗಳಿಗೆ ಬೂಷ್ಟು ಹತ್ತಿತ್ತು; ಅವು ತೆರೆಯಲೇ ಇಲ್ಲ. ಉಳಿದ ಏಳು ತೆರೆದವು. ಆದರೆ ಒಳಗಿದ್ದುದು ‘ನುಡಿ’ಯೂ ಅಲ್ಲ, ‘ಬರಹ’ವೂ ಅಲ್ಲ, ಯಾವ ಪರಿವರ್ತಕಕ್ಕೂ ಜಗ್ಗದ ಯಾವುದೋ ಅಕ್ಷರಸಂಕೇತ. ಆ ಡಿಟಿಪಿ ಕೇಂದ್ರ ಮುಚ್ಚಿ ಎಷ್ಟೋ ವರ್ಷಗಳಾಗಿದ್ದವು. ಮಗಳು ತೆರೆಯ ಮೇಲಿನ ಆ ಕಗ್ಗವನ್ನು ಬಹಳ ಹೊತ್ತು ನೋಡುತ್ತ ಕುಳಿತಳು. ತಂದೆಯ ಕೈಬರಹವಾಗಿದ್ದರೆ ಅರ್ಥವಾಗದಿದ್ದರೂ ಅದು ತಂದೆಯದೆಂದು ತಿಳಿಯುತ್ತಿತ್ತು.

ಕೈಹಿಡಿದದ್ದು ಕಾಲೇಜಿನ ಒಂದು ವಾರ್ಷಿಕ ಸಂಚಿಕೆ. ಅದರಲ್ಲಿ ಅವರ ನಾಲ್ಕು ಪುಟದ ಲೇಖನವೊಂದು ಅಚ್ಚಾಗಿತ್ತು. ಅದೇ ಲೇಖನ ಒಂದು ಫ್ಲಾಪಿಯಲ್ಲೂ ಇತ್ತು. ತಂತ್ರಾಂಶದ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಚ್ಚಿನ ಪುಟವನ್ನೂ ತೆರೆಯ ಮೇಲಿನ ಕಗ್ಗವನ್ನೂ ಎದುರುಬದುರು ಇಟ್ಟುಕೊಂಡು, ಈ ಚಿಹ್ನೆ ಇಂಥ ಅಕ್ಷರ, ಆ ಚಿಹ್ನೆ ಇಂಥ ಒತ್ತು ಎಂದು ಪಟ್ಟಿ ಮಾಡುತ್ತ ಹೋದ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯನ್ನು ಬಿಡಿಸಿದ್ದನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದುಂಟು. ಅವನಿಗೂ ಅಶೋಕನ ಶಾಸನಗಳಿಗೂ ನಡುವೆ ಎರಡು ಸಾವಿರ ವರ್ಷ. ನಮಗೂ ನಮ್ಮ ಗೆಳೆಯರಿಗೂ ನಡುವೆ ಕಾಲು ಶತಮಾನ.

ನಾಲ್ಕು ಪುಟದ ಲೇಖನದಲ್ಲಿ ಎಲ್ಲ ಅಕ್ಷರಗಳೂ ಬರುವುದಿಲ್ಲ. ಝಕಾರ ಬಂದಿರಲಿಲ್ಲ, ಢಕಾರ ಬಂದಿರಲಿಲ್ಲ. ಇವು ತೋಟದ ಮಾತಿಗೆ ಅಷ್ಟಾಗಿ ಬೇಕಿಲ್ಲ. ಆದರೆ ‘ೞ’ವೂ ಬಂದಿರಲಿಲ್ಲ. ಗೆಳೆಯರು ಹಳಗನ್ನಡದ ರೂಪ ಕೊಟ್ಟ ಕಡೆಗಳಲ್ಲೆಲ್ಲ ಒಂದು ಅಪರಿಚಿತ ಚಿಹ್ನೆ ಉಳಿಯಿತು. ಹುಡುಗ ಕೈಚೆಲ್ಲಿದಾಗ ನಾನು ಆ ಪದಗಳನ್ನು ಒಂದೊಂದಾಗಿ ಓದಿಸಿ ಕೇಳಿದೆ. ‘ಉಳು’ ಎಂಬಲ್ಲಿ ಆ ಚಿಹ್ನೆ ಇದೆ. ‘ಗಳೆ’ ಎಂಬಲ್ಲಿ ಇದೆ. ‘ಕೋಳಿ’ ಎಂಬಲ್ಲಿ ಇದೆ. ಗದ್ದೆಯ ‘ಕಳೆ’ಗೆ ಮಾತ್ರ ಇಲ್ಲ. ಕೇಶಿರಾಜನನ್ನು ಪಾಠ ಹೇಳಿದವನಿಗೆ ಇನ್ನೇನು ಬೇಕು? ಉೞ್, ಗೞೆ, ಕೋೞಿ. “ಇದು ೞಕಾರ, ಬರೆದುಕೋ” ಎಂದೆ. ಅವನು ತನ್ನ ಪಟ್ಟಿಯಲ್ಲಿ ಹುಡುಕಿ, “ಸರ್, ಯೂನಿಕೋಡಿನಲ್ಲಿ ಇದರ ಹೆಸರು ಫ ಎಂದಿದೆಯಲ್ಲ?” ಎಂದು ತಲೆ ಕೆರೆದುಕೊಂಡ.

ಹೀಗೆ ಏಳು ಬಿಲ್ಲೆಗಳ ಮಾತುಗಳು ಹೊಸ ಮನೆಗೆ ಬಂದು ಸೇರಿದವು. ಬೂಷ್ಟು ಹತ್ತಿದ ಎರಡರಲ್ಲಿ ಇದ್ದುದು ಪಕಾರದಿಂದ ಮಕಾರದ ವರೆಗಿನ ಭಾಗ. ಎಂದರೆ ಬಾಳೆ ಇಲ್ಲ, ಬತ್ತ ಇಲ್ಲ, ಮಣ್ಣು ಇಲ್ಲ. ಮಲೆನಾಡಿನವರು ಬಗೆಬಗೆಯ ಮಳೆಗೆ ಇಟ್ಟಿರುವ ಹೆಸರುಗಳು ಯಾವುವೂ ಇಲ್ಲ. ಅವನ್ನು ಹೇಳಿಕೊಟ್ಟ ಹಿರಿಯರಲ್ಲಿ ಬದುಕಿರುವವರು ಇಬ್ಬರೋ ಮೂವರೋ; ಮಗಳು ಈಗ ರಜೆ ದೊರೆತಾಗ ಅವರ ಬಳಿಗೆ ಹೋಗಿ ಬರುತ್ತಿದ್ದಾಳೆ.

ನಿಮ್ಮ ಮನೆಗಳಲ್ಲಿಯೂ ಇಂಥ ಡಬ್ಬಿಗಳಿರಬಹುದು. ಫ್ಲಾಪಿಯಾಗಲಿ ಸಿ.ಡಿ.ಯಾಗಲಿ, ಓದುವ ಯಂತ್ರ ದೊರೆಯುವಷ್ಟರಲ್ಲೇ ಅದನ್ನು ತೆರೆಯಿಸಿ. ಯಾವ ತಂತ್ರಾಂಶದಲ್ಲಿ ಬರೆದದ್ದೆಂದು ನೆನಪಿದ್ದರೆ ಒಂದು ಚೀಟಿಯಲ್ಲಿ ಗುರುತು ಹಾಕಿಡಿ; ಆ ಅಕ್ಷರಸಮೂಹದ ಕಡತ ಸಿಕ್ಕಿದರೆ ಬರವಣಿಗೆಯ ಜೊತೆಯಲ್ಲೇ ಇರಿಸಿ. ಯೂನಿಕೋಡಿಗೆ ಬದಲಾಯಿಸಿದ ಮೇಲೆ ರೇಫಗಳನ್ನು ಒಮ್ಮೆ ಕಣ್ಣಾಡಿಸಿ ನೋಡಿ. ಕಾಗದದ ಮೇಲೆ ತೆಗೆದ ಒಂದು ಪ್ರತಿಯಿದ್ದರೆ, ಅದು ಎಷ್ಟೇ ಮಾಸಲಾಗಿರಲಿ, ರದ್ದಿಗೆ ಹಾಕಬೇಡಿ. ನಮಗೆ ದಾರಿ ತೋರಿಸಿದ್ದು ನಾಲ್ಕು ಪುಟದ ಅಂಥ ಕಾಗದವೇ.

ಇನ್ನು ನನ್ನದೊಂದು ಕೋರಿಕೆ. ಆ ಗೆಳೆಯರು 1999ರಲ್ಲೋ ಮರುವರ್ಷವೋ ತಮ್ಮ ನಿಘಂಟಿನ ಕೆಲವು ಭಾಗಗಳ ಪ್ರತಿಯನ್ನು ತೆಗೆಸಿ, ಅಭಿಪ್ರಾಯಕ್ಕಾಗಿ ನಾಡಿನ ಹಲವು ವಿದ್ವಾಂಸರಿಗೆ ಅಂಚೆಯಲ್ಲಿ ಕಳುಹಿಸಿದ್ದರೆಂದು ಅವರ ಮಗಳು ನೆನಪಿಸಿಕೊಳ್ಳುತ್ತಾಳೆ. ಯಾವ ಭಾಗವನ್ನು ಯಾರಿಗೆ ಎಂಬುದು ತಿಳಿಯದು. ಉದ್ದನೆಯ ಹಾಳೆಗಳು, ಅಂಚಿನಲ್ಲಿ ಹಸಿರು ಶಾಯಿಯ ತಿದ್ದುಪಡಿಗಳಿರುತ್ತವೆ. ಅವರು ಬೇರೆ ಶಾಯಿಯನ್ನು ಮುಟ್ಟಿದವರಲ್ಲ. ಪಕಾರದಿಂದ ಮಕಾರದ ವರೆಗಿನ ಅಂಥ ಹಾಳೆಗಳು ಯಾರ ಮನೆಯ ಅಟ್ಟದ ಮೇಲಾದರೂ ಇದ್ದರೆ, ಈ ನಿಲಯದ ವಿಳಾಸಕ್ಕೆ ಒಂದು ಕಾರ್ಡು ಬರೆದರೆ ಸಾಕು. ನಾನೇ ಬಂದು ಪ್ರತಿ ಮಾಡಿಕೊಂಡು, ಮೂಲವನ್ನು ನಿಮ್ಮ ಕೈಗೇ ಒಪ್ಪಿಸುತ್ತೇನೆ.